ಮಧ್ಯಕಿವಿ ಇಂಪ್ಲಾಂಟ್ ಹಾಕಿಸಿಕೊಂಡ ಮೇಲೆ ಮುಂದಿನ ವರ್ಷಗಳಲ್ಲಿ ಅದನ್ನು ನೋಡಿಕೊಳ್ಳುವುದು ಹೇಗೆ

ಮಧ್ಯಕಿವಿ ಇಂಪ್ಲಾಂಟ್ ಬಗ್ಗೆ ಹುಡುಕಿದರೆ ಸಿಗುವುದೆಲ್ಲ ಆಪರೇಷನ್‌ಗೆ ಮೊದಲಿನ ಮಾತು. ಯಾರಿಗೆ ಹಾಕಬಹುದು, ಹೇಗೆ ಹಾಕುತ್ತಾರೆ, ಮೊದಲ ದಿನ ಹೇಗೆ ಕೇಳಿಸುತ್ತದೆ, ಇಷ್ಟೇ. ಆದರೆ ಆ ಸಾಧನ ನಿಮ್ಮ ತಲೆಯೊಳಗೆ ಹತ್ತು ವರ್ಷವೋ ಅದಕ್ಕಿಂತ ಜಾಸ್ತಿಯೋ ಇರಬೇಕು. ಆರನೇ ವರ್ಷ ಒಂದು ದಿನ "ಯಾಕೋ ಮೊದಲಿನ ಹಾಗೆ ಕೇಳಿಸ್ತಿಲ್ಲ" ಅನಿಸಿದರೆ ಏನು ಮಾಡಬೇಕು, ಯಾವುದಕ್ಕೆ ಹೆದರಬೇಕು, ಯಾವುದನ್ನು ಸುಮ್ನೆ ಬಿಡಬಹುದು ಅಂತ ಹೇಳುವವರು ಕಡಿಮೆ. ಈ ಬರಹ ಅದಕ್ಕಾಗಿಯೇ.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೇಳುವುದು ಕಡಿಮೆಯಾದಾಗ ತೊಂದರೆ ಮೂರು ಕಡೆ ಇರಬಹುದು. ಸದ್ದು ಹಿಡಿದು ಒಳಕ್ಕೆ ಕಳಿಸುವ ಹೊರಗಿನ ಪ್ರೊಸೆಸರ್‌ನಲ್ಲಿ, ಒಳಗಿನ ಸಾಧನದಲ್ಲಿ ಅಥವಾ ಅದು ಮೂಳೆಗೆ ತಾಗುವ ಜಾಗದಲ್ಲಿ, ಇಲ್ಲವೇ ನಿಮ್ಮದೇ ಒಳಕಿವಿಯಲ್ಲಿ. ಮೂರಕ್ಕೂ ಪರಿಹಾರ ಬೇರೆ ಬೇರೆ. ಯಾವುದು ಅಂತ ಕಂಡುಹಿಡಿಯಲು ಹಳೆಯ ಅಳತೆಗಳು ಕೈಯಲ್ಲಿರಬೇಕು. ತುಂಬ ಜನರ ಹತ್ತಿರ ಇಲ್ಲದೇ ಇರುವುದು ಅವೇ.

ಮೊದಲು, ನಿಮ್ಮ ಕಿವಿಯಲ್ಲಿ ಇರುವುದು ಯಾವುದು?

ಹಿಯರಿಂಗ್ ಏಡ್ ಸದ್ದನ್ನು ಜೋರು ಮಾಡಿ ಕಿವಿಯೊಳಗೆ ಬಿಡುತ್ತದೆ. ಮಧ್ಯಕಿವಿ ಇಂಪ್ಲಾಂಟ್ ಹಾಗಲ್ಲ, ಅದು ಒಳಗಿನ ಸಣ್ಣ ಮೂಳೆಗಳನ್ನೇ ಅಲುಗಿಸುತ್ತದೆ. ಹೆಚ್ಚು ಬಳಕೆಯಲ್ಲಿರುವುದು ವೈಬ್ರಂಟ್ ಸೌಂಡ್‌ಬ್ರಿಜ್. ಇದನ್ನು ಮೊದಲ ಸಲ ಮನುಷ್ಯರಿಗೆ ಹಾಕಿದ್ದು 1996ರಲ್ಲಿ. ಹೊರಗೆ ಆಯಸ್ಕಾಂತದಿಂದ ಅಂಟಿಕೊಳ್ಳುವ ಪ್ರೊಸೆಸರ್, ಚರ್ಮದಡಿ ಒಂದು ಕಾಯಿಲ್, ಅಲ್ಲಿಂದ ಒಂದು ವೈರ್, ಅದರ ತುದಿಯಲ್ಲಿ ಸುಮಾರು 25 ಮಿಲಿಗ್ರಾಂ ತೂಕದ, ಎರಡು ಮಿಲಿಮೀಟರ್‌ಗಿಂತ ಸ್ವಲ್ಪ ಉದ್ದದ ಅಲುಗುವ ತುಣುಕು. ಅದನ್ನು ಸಾಮಾನ್ಯವಾಗಿ ಮೂರು ಸಣ್ಣ ಮೂಳೆಗಳಲ್ಲಿ ನಡುವಿನದಾದ ಅಡಿಗಲ್ಲು ಮೂಳೆಗೆ ಕ್ಲಿಪ್ ಮಾಡುತ್ತಾರೆ. ಹಳೆಯ ಸೋಂಕಿನಿಂದ ಮೂಳೆಗಳೇ ಹೋಗಿದ್ದರೆ ಉಳಿದಿರುವ ರಿಕಾಪು ಮೂಳೆಯ (ಒಳಕಿವಿಗೆ ತಾಗುವ ಕೊನೆಯ ಮೂಳೆ) ಮೇಲೋ, ಒಳಕಿವಿಯ ರೌಂಡ್ ವಿಂಡೋ (ಪೊರೆ ಮುಚ್ಚಿದ ಸಣ್ಣ ಕಿಂಡಿ) ಮೇಲೋ ಕೂರಿಸುತ್ತಾರೆ.

ಇನ್ನೊಂದು ಜಾತಿ ಪೂರ್ತಿ ಒಳಗೇ ಇರುವುದು, ಹೊರಗೆ ಏನೂ ಕಾಣುವುದಿಲ್ಲ. 2010ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಪಡೆದ ಎಸ್ಟೀಮ್ ಇದಕ್ಕೆ ಉದಾಹರಣೆ. ಇದರಲ್ಲಿ ನಿಮ್ಮ ಕಿವಿತಮಟೆಯೇ ಮೈಕ್. ತಮಟೆಯಿಂದ ಬರುವ ಕಂಪನವನ್ನು ಒಂದು ಸೆನ್ಸರ್ ಹಿಡಿಯುತ್ತದೆ, ಇನ್ನೊಂದು ತುಣುಕು ರಿಕಾಪು ಮೂಳೆಯನ್ನು ಅಲುಗಿಸುತ್ತದೆ. ಎರಡರ ಮಧ್ಯೆ ಸದ್ದು ಸುತ್ತು ಹೊಡೆಯಬಾರದು ಅಂತ ಅಡಿಗಲ್ಲಿನ ಒಂದು ತುಂಡನ್ನು ತೆಗೆದುಬಿಡುತ್ತಾರೆ. ಅಂದರೆ ಸಾಧನ ಆಫ್ ಆದಾಗ ಆ ಕಿವಿ ಮೊದಲಿಗಿಂತ ಕಡಿಮೆ ಕೇಳುತ್ತದೆ. ಇದನ್ನು ತಿಳಿದೇ ಒಪ್ಪಿಕೊಳ್ಳಬೇಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಮುಂದೆ ಬರುವ ತೊಂದರೆಗಳು ಸಾಧನ ಯಾವುದು ಅನ್ನೋದಕ್ಕಿಂತ ಅದನ್ನು ಎಲ್ಲಿ ಕೂರಿಸಿದ್ದಾರೆ ಅನ್ನೋದರ ಮೇಲೆ ಜಾಸ್ತಿ ನಿಂತಿವೆ.

ಕೇಳಿ ತೆಗೆದಿಟ್ಟುಕೊಳ್ಳಬೇಕಾದ ಕಾಗದಗಳು

ಡಿಸ್ಚಾರ್ಜ್ ಸಮ್ಮರಿ ಸಾಕಾಗುವುದಿಲ್ಲ. ಆಪರೇಷನ್ ನೋಟ್ ಬೇಕು ಅಂತ ಕೇಳಿ. ಅದರಲ್ಲಿ ಮಾಡೆಲ್ ನಂಬರ್, ಸೀರಿಯಲ್ ನಂಬರ್, ಯಾವ ಕಿವಿ, ತುಣುಕನ್ನು ಎಲ್ಲಿಗೆ ಜೋಡಿಸಿದರು, ಮಧ್ಯೆ ಕಪ್ಲರ್ (ತುಣುಕನ್ನು ಮೂಳೆಗೆ ಹಿಡಿಸುವ ಸಣ್ಣ ಜೋಡಣೆ), ಕಾರ್ಟಿಲೇಜ್ ಅಥವಾ ಬೇರೆ ಏನಾದರೂ ಇಟ್ಟರಾ, ರುಚಿಯ ನರವನ್ನು ಉಳಿಸಿದರಾ ಕತ್ತರಿಸಬೇಕಾಯಿತಾ, ಇವೆಲ್ಲ ಇರಬೇಕು. ಹತ್ತು ವರ್ಷದ ಮೇಲೆ ನಿಮ್ಮ ಕಿವಿಯನ್ನು ಬೇರೆ ಊರಿನ ಬೇರೆ ಸರ್ಜನ್ ತೆರೆಯಬೇಕಾಗಿ ಬರಬಹುದು, ಆಗ ಅವರಿಗೆ ಈ ಒಂದು ಹಾಳೆ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ.

ಎರಡನೆಯದು, ಆಪರೇಷನ್‌ಗೆ ಮೊದಲಿನ ಆಡಿಯೋಗ್ರಾಂ, ಅಂದರೆ ಎಷ್ಟು ಡೆಸಿಬಲ್ ಸದ್ದಾದರೆ ಕೇಳುತ್ತದೆ ಅಂತ ತೋರಿಸುವ ನಕ್ಷೆ; ಗೆರೆ ಕೆಳಗಿದ್ದಷ್ಟೂ ಕೇಳುವುದು ಕಡಿಮೆ. ಅದರಲ್ಲಿ ಬೋನ್ ಕಂಡಕ್ಷನ್ ಗೆರೆ ಇರಲೇಬೇಕು. ಕಿವಿಯ ಹಿಂದೆ ಕಂಪಿಸುವ ಬಿಲ್ಲೆ ಇಟ್ಟು ಅಳೆಯುತ್ತಾರಲ್ಲ, ಅದು. ಮಧ್ಯಕಿವಿಯನ್ನು ಬದಿಗಿಟ್ಟು ಒಳಕಿವಿಯ ಶಕ್ತಿಯನ್ನೇ ತೋರಿಸುವ ಅಳತೆ ಅದೊಂದೇ.

ಮೂರನೆಯದು, ಸಾಧನ ಚಾಲೂ ಮಾಡಿ ಹೊಂದಿಸಿದ ಮೇಲಿನ ಅಳತೆಗಳು. ಗಾಯ ಮಾಗಲು ಬಿಟ್ಟು, ಆಪರೇಷನ್ ಆದ ಕೆಲವು ವಾರಗಳ ಮೇಲೆ ಪ್ರೊಸೆಸರ್ ಹಾಕುತ್ತಾರೆ. ಆಗ ಸ್ಪೀಕರ್ ಮುಂದೆ ಕೂರಿಸಿ ಯಾವ ಮಟ್ಟದ ಸದ್ದು ಕೇಳುತ್ತದೆ ಅಂತ ನೋಡುತ್ತಾರೆ, ಪದಗಳನ್ನು ಹೇಳಿಸಿ ಎಷ್ಟು ಸರಿ ಅಂತ ಎಣಿಸುತ್ತಾರೆ. ಗದ್ದಲದಲ್ಲೂ ಪದ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ಮೌನವಾದ ಕೋಣೆಯ ಅಂಕ ಎಷ್ಟೋ ವರ್ಷ ಚೆನ್ನಾಗಿಯೇ ಇರುತ್ತದೆ, ಇಳಿಯುವುದು ಮೊದಲು ಕಾಣುವುದು ಗದ್ದಲದಲ್ಲಿ.

ಸೌಂಡ್‌ಬ್ರಿಜ್ ಇದ್ದವರು ಇನ್ನೊಂದನ್ನು ಕೇಳಲೇಬೇಕು. ಅದರ ಹೆಸರು ವೈಬ್ರೋಗ್ರಾಂ. ಹೊಂದಿಸುವ ಸಾಫ್ಟ್‌ವೇರ್‌ನಿಂದಲೇ, ಇಂಪ್ಲಾಂಟ್ ಮೂಲಕವೇ ಸದ್ದು ಕಳಿಸಿ ಎಷ್ಟು ಸಣ್ಣದು ಕೇಳುತ್ತದೆ ಅಂತ ಅಳೆಯುತ್ತಾರೆ. ಹೊರಗಿನ ಮೈಕ್‌ಗೆ ಇಲ್ಲಿ ಕೆಲಸವಿಲ್ಲ. ಈ ಗೆರೆ ಬೋನ್ ಕಂಡಕ್ಷನ್ ಗೆರೆಯ ಹತ್ತಿರ ಇದ್ದರೆ ತುಣುಕು ಮೂಳೆಗೆ ಚೆನ್ನಾಗಿ ಕೂತಿದೆ ಅಂತ ಅರ್ಥ. ಎರಡರ ಮಧ್ಯೆ ಅಂತರ ದೊಡ್ಡದಿದ್ದರೆ ಶಕ್ತಿ ದಾರಿಯಲ್ಲೇ ಸೋರುತ್ತಿದೆ. ಮೊದಲ ಸಲದ ವೈಬ್ರೋಗ್ರಾಂ ಒಂದು ಪ್ರಿಂಟ್ ತೆಗೆದಿಡಿ. ನನ್ನ ಮಟ್ಟಿಗೆ ಈ ಇಡೀ ಫೈಲ್‌ನಲ್ಲಿ ಬೆಲೆಯುಳ್ಳ ಕಾಗದ ಇದೇ.

ಆಮೇಲೆ ವರ್ಷಕ್ಕೊಮ್ಮೆ ಇದೇ ಪರೀಕ್ಷೆಗಳು. ಆದಷ್ಟು ಅದೇ ಜಾಗ, ಅದೇ ಪದಪಟ್ಟಿ, ಇನ್ನೊಂದು ಕಿವಿಯನ್ನು ಅದೇ ರೀತಿ ಮುಚ್ಚಿ. ಇಂಪ್ಲಾಂಟ್ ಇಲ್ಲದ ಕಿವಿಯನ್ನೂ ಅಳೆಸಿ, ಬಿಡಬೇಡಿ. ಅದರ ಉಪಯೋಗ ಈಗ ಹೇಳುತ್ತೇನೆ.

ಕೇಳುವುದು ಕಡಿಮೆಯಾಯಿತು ಅನಿಸಿದಾಗ

ಹೊರಗಿನಿಂದ ಒಳಕ್ಕೆ ಹೋಗಿ. ಹೊಸ ಬ್ಯಾಟರಿ ಹಾಕಿ ನೋಡಿ. ಮೈಕ್‌ನ ತೂತಿನಲ್ಲಿ ಧೂಳು, ಬೆವರು, ಹೇರ್ ಸ್ಪ್ರೇ ಕೂತಿದೆಯಾ ನೋಡಿ. ರಾತ್ರಿ ತೇವ ಹೀರುವ ಡಬ್ಬಿಯಲ್ಲಿಡಿ. ಕ್ಲಿನಿಕ್‌ನಲ್ಲಿ ಬೇರೆ ಪ್ರೊಸೆಸರ್ ಇದ್ದರೆ ನಿಮ್ಮ ಸೆಟ್ಟಿಂಗ್ ತುಂಬಿಸಿ ಹಾಕಿ ನೋಡಲು ಹೇಳಿ. ಅದರಲ್ಲಿ ಚೆನ್ನಾಗಿ ಕೇಳಿಸಿದರೆ ಕಥೆ ಅಲ್ಲಿಗೇ ಮುಗಿಯಿತು. ಸದ್ದು ಬಿಟ್ಟುಬಿಟ್ಟು ಬರುತ್ತಿದ್ದರೆ ಆಯಸ್ಕಾಂತದ ಹಿಡಿತ ಸಡಿಲವಾಗಿರಬಹುದು. ಮೈತೂಕ ಏರಿ ತಲೆಯ ಚರ್ಮ ದಪ್ಪವಾದರೂ ಹೀಗಾಗುತ್ತದೆ.

ನೆಗಡಿ ಆದ ಮೇಲೆ ಮಂದವಾಯಿತಾ? ಹಾಗಿದ್ದರೆ ಇಎನ್‌ಟಿ ಡಾಕ್ಟರು ಮೊದಲು ಕಿವಿಯೊಳಗೆ ನೋಡಲಿ. ಮಧ್ಯಕಿವಿಯಲ್ಲಿ ನೀರು ತುಂಬಿದ್ದರೆ ಸದ್ದು ಬದಲಾಗುತ್ತದೆ, ನೀರು ಇಳಿದ ಮೇಲೆ ಸರಿಹೋಗುತ್ತದೆ. ಎಸ್ಟೀಮ್ ಇದ್ದವರಿಗೆ ಈ ಮಾತು ಇನ್ನೂ ಮುಖ್ಯ, ಯಾಕಂದರೆ ತಮಟೆಯೇ ಮೈಕ್ ಆಗಿರುವುದರಿಂದ ಕಿವಿಯ ಗುಗ್ಗೆ ಗಟ್ಟಿಯಾಗಿ ಅಡ್ಡ ಕೂತರೂ ಸಾಧನವೇ ಕೆಟ್ಟಂತೆ ಕಾಣುತ್ತದೆ.

ಇದೆಲ್ಲ ಸರಿ ಇದ್ದರೆ ಬೋನ್ ಕಂಡಕ್ಷನ್ ಮಾಡಿಸಿ ಹಳೆಯದರ ಪಕ್ಕ ಇಡಿ. ಒಂದು ಫ್ರೀಕ್ವೆನ್ಸಿಯಲ್ಲಿ 5 ಡೆಸಿಬಲ್ ಆಚೀಚೆ ಆಗಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಅದು ಪರೀಕ್ಷೆಯದೇ ಏರುಪೇರು. ಗೆರೆ ನಿಜಕ್ಕೂ ಕೆಳಗಿಳಿದಿದೆ, ಇಂಪ್ಲಾಂಟ್ ಇಲ್ಲದ ಕಿವಿಯಲ್ಲೂ ಹೆಚ್ಚು ಕಡಿಮೆ ಅಷ್ಟೇ ಇಳಿದಿದೆ ಅಂದರೆ ಅದು ವಯಸ್ಸು. ಇಂಪ್ಲಾಂಟ್ ಮೇಲೆ ತಪ್ಪು ಹೊರಿಸಬೇಡಿ. ಪ್ರೊಸೆಸರ್‌ನ ಸೆಟ್ಟಿಂಗ್ ಏರಿಸಿದರೆ ಸಾಕಾಗಬಹುದು. ಇಂಪ್ಲಾಂಟ್ ಇರುವ ಕಿವಿ ಮಾತ್ರ ಇಳಿದಿದ್ದರೆ ಸರ್ಜನ್ ಹತ್ತಿರ ಹೋಗಬೇಕು.

ಬೋನ್ ಕಂಡಕ್ಷನ್ ಮೊದಲಿನಂತೆಯೇ ಇದೆ, ಆದರೆ ವೈಬ್ರೋಗ್ರಾಂ ಕುಸಿದಿದೆ ಅಂದರೆ ಒಳಕಿವಿ ಚೆನ್ನಾಗಿದೆ, ಜೋಡಣೆ ಹೋಗಿದೆ ಅಥವಾ ಒಳಗಿನ ಸಾಧನ ಸೋತಿದೆ. ಆಗ ಸಿಟಿ ಸ್ಕ್ಯಾನ್ ಮಾಡಿ ತುಣುಕು ಎಲ್ಲಿದೆ ಅಂತ ನೋಡುತ್ತಾರೆ. ಪ್ರೊಸೆಸರ್ ಬದಲಿಸಿ ಬದಲಿಸಿ ಕಾಲ ಕಳೆಯುವವರು ಎಡವುವುದು ಇಲ್ಲೇ. ಎಷ್ಟು ಹೊಸ ಪ್ರೊಸೆಸರ್ ತಂದರೂ ಜಾರಿದ ತುಣುಕು ವಾಪಸ್ ಹೋಗಿ ಕೂರುವುದಿಲ್ಲ, ಅಲ್ವಾ?

ಒಂದೇ ದಿನದಲ್ಲಿ ಅಥವಾ ಎರಡು ಮೂರು ದಿನದಲ್ಲಿ ಕಿವಿ ದಿಢೀರ್ ಅಂತ ಮಂಕಾದರೆ ಮೇಲಿನ ಕ್ರಮ ಪಾಲಿಸುತ್ತ ಕೂರಬೇಡಿ. ಬ್ಯಾಟರಿ ಒಂದನ್ನು ಬದಲಿಸಿ, ಸರಿಹೋಗದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಒಳಕಿವಿಗೆ ದಿಢೀರ್ ಪೆಟ್ಟು ಬಿದ್ದಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

ಮೂಳೆ ಸವೆಯುವುದು, ತುಣುಕು ಜಾರುವುದು

ಅಡಿಗಲ್ಲು ಮೂಳೆಯ ಉದ್ದನೆಯ ಕಾಲಿಗೆ ರಕ್ತ ಹರಿಯುವುದೇ ಕಡಿಮೆ. ಅಂಥ ಜಾಗದಲ್ಲಿ ಕ್ಲಿಪ್ ಬಿಗಿಯಾಗಿ ಕೂತರೆ, ಕಿರಿದಾದ ಉಂಗುರ ಬೆರಳನ್ನು ಕೊರೆದ ಹಾಗೆ, ಮೂಳೆ ವರ್ಷಗಟ್ಟಲೆ ನಿಧಾನಕ್ಕೆ ಸವೆಯಬಹುದು. ಎಲ್ಲರಿಗೂ ಆಗುವುದಿಲ್ಲ. ಆದವರಿಗೂ ನೋವಿರುವುದಿಲ್ಲ, ಸದ್ದು ತೆಳುವಾಗುತ್ತ ಹೋಗುತ್ತದೆ ಅಷ್ಟೇ. ಅದಕ್ಕೇ ವರ್ಷದ ಅಳತೆ ಬೇಕು ಅಂದದ್ದು. ಸವೆದಿದ್ದರೆ ಅದೇ ಮೂಳೆಯ ಗಿಡ್ಡ ಕಾಲಿಗೋ ರಿಕಾಪು ಮೂಳೆಗೋ ಬೇರೆ ಕಪ್ಲರ್ ಹಾಕಿ ಮತ್ತೆ ಜೋಡಿಸುವ ದಾರಿ ಇದೆ.

ರೌಂಡ್ ವಿಂಡೋ ಮೇಲೆ ಕೂರಿಸಿದ್ದರೆ ಲೆಕ್ಕ ಬೇರೆ. 2006ರ ಸುಮಾರಿಗೆ ಶುರುವಾದ ಈ ವಿಧಾನ ಮೂಳೆಗಳೇ ಇಲ್ಲದವರಿಗೆ ದೊಡ್ಡ ವರವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಕ್ಲಿಪ್ ಮಾಡಲು ಹಿಡಿಯಿಲ್ಲ. ಜಾಗವೂ ತುಣುಕೂ ಗಾತ್ರದಲ್ಲಿ ಹೆಚ್ಚು ಕಡಿಮೆ ಒಂದೇ, ಸುತ್ತಲಿನ ಮೂಳೆಯನ್ನು ಸ್ವಲ್ಪ ಕೊರೆದು ಕೂರಿಸಬೇಕು. ಒತ್ತಿದ್ದು ಕಡಿಮೆಯಾದರೆ ಕಂಪನ ದಾಟುವುದಿಲ್ಲ, ಜಾಸ್ತಿಯಾದರೆ ಪೊರೆ ಅಲುಗುವುದಿಲ್ಲ. ಗಾಯದ ಅಂಗಾಂಶ ಬೆಳೆದು ಎಳೆದರೂ ಸ್ಥಾನ ತಪ್ಪುತ್ತದೆ. ಹಾಗಾಗಿ ಎರಡನೇ ಆಪರೇಷನ್ ಬೇಕಾಗುವ ಸಾಧ್ಯತೆ ಇಲ್ಲಿ ಹೆಚ್ಚು. ನಿಮಗೆ ಈ ವಿಧಾನ ಹೇಳಿದ್ದರೆ, ಜಾರಿದರೆ ಮುಂದೇನು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಚರ್ಮ, ವೈರ್, ಸೋಂಕು

ಆಯಸ್ಕಾಂತ ಬಿಗಿಯಾಗಿದ್ದರೆ ಚರ್ಮಕ್ಕೆ ರಕ್ತ ಹೋಗುವುದಿಲ್ಲ. ಪ್ರೊಸೆಸರ್ ತೆಗೆದಾಗ ಕೆಂಪು ಗುರುತು ಇದ್ದು ಸ್ವಲ್ಪ ಹೊತ್ತಿಗೆ ಹೋದರೆ ಪರವಾಗಿಲ್ಲ. ಹೋಗದೆ ಉಳಿದರೆ, ಮುಟ್ಟಿದರೆ ನೋವಾದರೆ, ಚರ್ಮ ತೆಳುವಾಗಿ ಹೊಳೆದಂತೆ ಕಂಡರೆ ಪ್ರೊಸೆಸರ್ ಹಾಕುವುದನ್ನು ನಿಲ್ಲಿಸಿ, ಕಡಿಮೆ ಬಲದ ಆಯಸ್ಕಾಂತ ಕೇಳಿ. ಬೇರೆ ಬೇರೆ ಬಲದವು ಇರುತ್ತವೆ. ಬೀಳುತ್ತದೆ ಅಂತ ಬಲವಾದದ್ದೇ ಬೇಕು ಅಂತ ಹಟ ಮಾಡಬೇಡಿ, ಬೀಳದಂತೆ ಕ್ಲಿಪ್ಪಿನ ದಾರ ಕಟ್ಟಿಕೊಂಡರೆ ಸಾಕು.

ಕಿವಿಯ ಹಿಂದೆ ಊತ, ಬಿಸಿ, ಕೀವು, ಜೊತೆಗೆ ಜ್ವರ ಇದ್ದರೆ ಮನೆಮದ್ದು ಮಾಡಬೇಡಿ. ಎಣ್ಣೆ ಬಿಡಬೇಡಿ. ಸಾಧನದ ಸುತ್ತ ಸೋಂಕು ಒಮ್ಮೆ ನೆಲೆಸಿದರೆ ಮಾತ್ರೆಯಿಂದ ಓಡಿಸುವುದು ಕಷ್ಟ, ಕೆಲವೊಮ್ಮೆ ಸಾಧನವನ್ನೇ ತೆಗೆಯಬೇಕಾಗುತ್ತದೆ.

ಹಿಂದೆ ಕಿವಿ ಸೋರುತ್ತಿದ್ದವರು, ಮಾಸ್ಟಾಯ್ಡ್ (ಕಿವಿಯ ಹಿಂದಿನ ಮೂಳೆ) ಆಪರೇಷನ್ ಆಗಿ ಕಿವಿಯೊಳಗೆ ದೊಡ್ಡ ಗೂಡು ಉಳಿದವರು ಇನ್ನೊಂದು ಹೆಜ್ಜೆ ಜಾಸ್ತಿ ಎಚ್ಚರ ಇರಬೇಕು. ಆ ಗೂಡಿನ ತೆಳು ಚರ್ಮದಡಿ ಹಾದುಹೋಗುವ ವೈರ್ ನಿಧಾನಕ್ಕೆ ಹೊರಗೆ ಇಣುಕಬಹುದು. ಇದನ್ನು ತಪ್ಪಿಸಲು ಕೆಲವು ಸರ್ಜನ್‌ಗಳು ಗೂಡನ್ನು ಪೂರ್ತಿ ಶುಚಿ ಮಾಡಿ, ಹೊಟ್ಟೆಯ ಕೊಬ್ಬು ತುಂಬಿ, ಕಿವಿಯ ಬಾಯನ್ನೇ ಹೊಲಿದು ಮುಚ್ಚುತ್ತಾರೆ. ಒಳ್ಳೆಯ ಉಪಾಯ. ಆದರೆ ಆಮೇಲೆ ಒಳಗೆ ಏನಾಗುತ್ತಿದೆ ಅಂತ ದೀಪ ಹಿಡಿದು ನೋಡಲು ಆಗುವುದಿಲ್ಲ. ಕೊಲೆಸ್ಟಿಯಟೋಮಾ, ಅಂದರೆ ಒಳಗೆ ಬೆಳೆದು ಮೂಳೆ ತಿನ್ನುವ ಚರ್ಮದ ಗಂಟು, ಮತ್ತೆ ಬಂದಿದೆಯಾ ಅಂತ ತಿಳಿಯಲು ಎಂಆರ್‌ಐ ಬೇಕು. ಇಂಪ್ಲಾಂಟ್‌ನ ಆಯಸ್ಕಾಂತ ಅದೇ ಚಿತ್ರದ ಮೇಲೆ ನೆರಳು ಬೀಳಿಸುತ್ತದೆ. ಈ ಇಕ್ಕಟ್ಟನ್ನು ಆಪರೇಷನ್‌ಗೆ ಮೊದಲೇ ಸರ್ಜನ್ ಜೊತೆ ಮಾತಾಡಿ. ಕಾಯಿಲ್ ಅನ್ನು ಎಷ್ಟು ಹಿಂದಕ್ಕೆ ಕೂರಿಸುತ್ತೀರಿ, ಮುಂದೆ ಹೇಗೆ ತಪಾಸಣೆ ಮಾಡುತ್ತೀರಿ ಅಂತ ನೇರವಾಗಿ ಕೇಳಿ.

ನಾಲಿಗೆ, ಮುಖ, ತಲೆಸುತ್ತು

ಮಧ್ಯಕಿವಿಗೆ ಹೋಗುವ ಇಕ್ಕಟ್ಟಾದ ದಾರಿಯ ಒಂದು ಬದಿಗೆ ಮುಖದ ನರ, ಇನ್ನೊಂದು ಬದಿಗೆ ನಾಲಿಗೆಯ ಮುಂಭಾಗದ ರುಚಿಯ ನರ. ಅದಕ್ಕೇ ಆಪರೇಷನ್ ಆದ ಮೇಲೆ ನಾಲಿಗೆಯ ಒಂದು ಬದಿ ಜೋಮು ಹಿಡಿದಂತೆ, ಲೋಹದ ರುಚಿ ಬಂದಂತೆ ಆಗಬಹುದು. ಎಸ್ಟೀಮ್‌ಗೆ ಒಪ್ಪಿಗೆ ಸಿಗುವ ಮೊದಲು ನಡೆದ ಪರೀಕ್ಷೆಯಲ್ಲಿ 42% ಜನರಿಗೆ ರುಚಿಯ ತೊಂದರೆ, 7% ಜನರಿಗೆ ಮುಖದ ಸ್ನಾಯುಗಳ ದೌರ್ಬಲ್ಯ ಕಾಣಿಸಿತ್ತು. ಹೆಚ್ಚಿನವು ಒಂದು ವರ್ಷದೊಳಗೆ ಸರಿಹೋದವು, ಕೆಲವು ಉಳಿದವು. ಈ ಅಂಕಿಯನ್ನು ಎಲ್ಲ ಸಾಧನಕ್ಕೂ ಅನ್ವಯಿಸಬೇಡಿ, ಪೂರ್ತಿ ಒಳಗಿರುವ ಸಾಧನಕ್ಕೆ ಹೆಚ್ಚು ಜಾಗ ಕೊರೆಯಬೇಕಾಗುತ್ತದೆ.

ರುಚಿಯ ತೊಂದರೆಗೆ ಕಾಯುವುದೇ ಮದ್ದು. ಮುಖ ಒಂದು ಬದಿಗೆ ವಾಲಿದರೆ, ಕಣ್ಣು ಪೂರ್ತಿ ಮುಚ್ಚಲು ಆಗದಿದ್ದರೆ ಕಾಯಬಾರದು, ಅದು ಆಪರೇಷನ್ ಆದ ವಾರವೇ ಆಗಲಿ ಐದು ವರ್ಷದ ಮೇಲೇ ಆಗಲಿ. ತಲೆಸುತ್ತು ಮೊದಲ ದಿನಗಳಲ್ಲಿ ಇದ್ದು ಹೋಗುವುದು ಸಾಮಾನ್ಯ. ವರ್ಷಗಳ ಮೇಲೆ ಹೊಸದಾಗಿ ಶುರುವಾಗಿ, ಜೊತೆಗೆ ಕೇಳುವುದೂ ಇಳಿದರೆ ತೋರಿಸಿ. ಕಿವಿಯಲ್ಲಿ ಗುಂಯ್‌ಗುಡುವುದು ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಹೆಚ್ಚುತ್ತದೆ.

ಬೇರೆ ಡಾಕ್ಟರ ಹತ್ತಿರ ಹೋದಾಗ

ಮೊಣಕಾಲಿಗೋ ಬೆನ್ನಿಗೋ ಎಂಆರ್‌ಐ ಬರೆದುಕೊಡುವ ಡಾಕ್ಟರಿಗೆ ನಿಮ್ಮ ಕಿವಿಯ ಸುದ್ದಿ ಗೊತ್ತಿರುವುದಿಲ್ಲ. ಪ್ರೊಸೆಸರ್ ತೆಗೆದು ಬ್ಯಾಗಿನಲ್ಲಿಟ್ಟರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಸೌಂಡ್‌ಬ್ರಿಜ್‌ನ ಹಳೆಯ 502 ಮಾಡೆಲ್‌ಗೆ ಎಂಆರ್‌ಐ ಮಾಡಬಾರದು ಅಂತಲೇ ಕಂಪನಿಯ ಸೂಚನೆ. 2014ರಿಂದ ಬಂದ 503ಕ್ಕೆ 1.5 ಟೆಸ್ಲಾದ ಯಂತ್ರದಲ್ಲಿ ಷರತ್ತುಗಳ ಜೊತೆ ಮಾಡಬಹುದು. ಒಂದೇ ಹೆಸರಿನ ಎರಡು ಮಾಡೆಲ್ ಮಧ್ಯೆ ಇಷ್ಟು ವ್ಯತ್ಯಾಸ, ಅದಕ್ಕೇ ಮಾಡೆಲ್ ನಂಬರ್ ಬರೆದ ಕಾರ್ಡ್ ಪರ್ಸಿನಲ್ಲಿರಲಿ, ಅದರ ಫೋಟೊ ಫೋನಿನಲ್ಲಿರಲಿ, ಮನೆಯ ಒಬ್ಬರಿಗಾದರೂ ಗೊತ್ತಿರಲಿ.

ಬೇರೆ ಯಾವುದೇ ಆಪರೇಷನ್ ಇದ್ದರೆ ರಕ್ತ ನಿಲ್ಲಿಸಲು ಬಳಸುವ ಕರೆಂಟಿನ ಉಪಕರಣದ ಬಗ್ಗೆ ಮೊದಲೇ ಹೇಳಿ. ತಲೆ ಕುತ್ತಿಗೆಯ ಹತ್ತಿರ ಮೋನೋಪೋಲಾರ್ ಬೇಡ, ಬೈಪೋಲಾರ್ ಬಳಸುತ್ತಾರೆ. ಫಿಸಿಯೋಥೆರಪಿಯಲ್ಲಿ ಡಯಾಥರ್ಮಿ (ಕರೆಂಟಿನ ಅಲೆಗಳಿಂದ ಒಳಗೆ ಕಾವು ಕೊಡುವ ಚಿಕಿತ್ಸೆ) ಕೊಡಿಸಿಕೊಳ್ಳಬೇಡಿ. ವಿಮಾನ ಪ್ರಯಾಣಕ್ಕೆ ತೊಂದರೆಯಿಲ್ಲ, ಮೆಟಲ್ ಡಿಟೆಕ್ಟರ್ ಕೂಗಿದರೆ ಕಾರ್ಡ್ ತೋರಿಸಿ. ನೀರಿನ ಆಳಕ್ಕೆ ಡೈವಿಂಗ್ ಹೋಗುವವರು ಮಾಡೆಲ್‌ನ ಮಿತಿ ಕೇಳಿಕೊಂಡು ಹೋಗಲಿ.

ಬ್ಯಾಟರಿ, ಬಿಡಿಭಾಗ, ಮುಚ್ಚಿಹೋಗುವ ಕಂಪನಿ

ಹೊರಗೆ ಪ್ರೊಸೆಸರ್ ಇರುವ ಸಾಧನದ ಒಂದು ದೊಡ್ಡ ಲಾಭ ಇದು: ತಂತ್ರಜ್ಞಾನ ಸುಧಾರಿಸಿದರೆ ಹೊರಗಿನದನ್ನು ಮಾತ್ರ ಬದಲಿಸಬಹುದು. ಪೂರ್ತಿ ಒಳಗಿರುವುದಕ್ಕೆ ಆ ಸೌಲಭ್ಯ ಇಲ್ಲ. ಎಸ್ಟೀಮ್‌ನ ಬ್ಯಾಟರಿ ಬಳಕೆಗೆ ತಕ್ಕಂತೆ ನಾಲ್ಕೂವರೆಯಿಂದ ಒಂಬತ್ತು ವರ್ಷ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ಆಮೇಲೆ ಚರ್ಮ ತೆರೆದು ಬದಲಿಸಬೇಕು. ನಲವತ್ತನೇ ವಯಸ್ಸಿಗೆ ಹಾಕಿಸಿಕೊಂಡರೆ ಎಷ್ಟು ಸಲ ಅಂತ ನೀವೇ ಲೆಕ್ಕ ಹಾಕಿ.

ಕಂಪನಿಗಳ ಕಥೆಯೂ ಕೇಳಬೇಕಾದದ್ದೇ. ಸೌಂಡ್‌ಬ್ರಿಜ್ ಮಾಡಿದ ಸಿಂಫೋನಿಕ್ಸ್ ಮುಚ್ಚಿತು, 2003ರಲ್ಲಿ ಮೆಡ್-ಎಲ್ ಅದನ್ನು ತೆಗೆದುಕೊಂಡು ಮುಂದುವರಿಸಿತು. ಕರೀನಾ ಅನ್ನುವ ಸಾಧನ ಮಾಡಿದ ಓಟಾಲಜಿಕ್ಸ್ 2012ರಲ್ಲಿ ದಿವಾಳಿಯಾಗಿ ಕಾಕ್ಲಿಯರ್ ಕಂಪನಿಯ ಕೈಗೆ ಹೋಯಿತು, ಆಮೇಲೆ ಆ ಸಾಧನದ ಮಾರಾಟವೂ ನಿಂತಿತು. ಮೊದಲ ಗುಂಪಿನವರ ಅದೃಷ್ಟ ಚೆನ್ನಾಗಿತ್ತು. ಹಾಗಾಗಿ ನಿಮ್ಮ ಸಾಧನದ ಸ್ಥಿತಿ ಏನು, ಬಿಡಿಭಾಗ ಇನ್ನೂ ಎಷ್ಟು ವರ್ಷ ಸಿಗುತ್ತದೆ ಅಂತ ವರ್ಷದ ತಪಾಸಣೆಯಲ್ಲೇ ಆಡಿಯಾಲಜಿಸ್ಟ್ (ಕೇಳುವಿಕೆ ಅಳೆದು ಸಾಧನ ಹೊಂದಿಸುವ ತಜ್ಞರು) ಅವರನ್ನು ಕೇಳಿ. ಮಾರಾಟ ನಿಲ್ಲುತ್ತದೆ ಅಂತ ಗೊತ್ತಾದರೆ ಸ್ಪೇರ್ ಪ್ರೊಸೆಸರ್ ತೆಗೆದಿಟ್ಟುಕೊಳ್ಳುವ ಕಾಲ ಅದೇ.

ಎರಡನೇ ಆಪರೇಷನ್ ಹೇಳಿದರೆ

ಗಡಿಬಿಡಿ ಬೇಡ. ಸೋಂಕು, ಮುಖದ ದೌರ್ಬಲ್ಯ, ವೈರ್ ಹೊರಬರುವುದು, ಇವು ಮೂರು ಬಿಟ್ಟರೆ ಯೋಚಿಸಲು ಸಮಯ ಇರುತ್ತದೆ. ಹೊಂದಿಸುವುದರಿಂದಲೇ ಸರಿಹೋಗುವುದಿಲ್ಲ ಅಂತ ಹೇಗೆ ಗೊತ್ತಾಯಿತು, ವೈಬ್ರೋಗ್ರಾಂ ಮತ್ತು ಬೋನ್ ಕಂಡಕ್ಷನ್ ಎರಡನ್ನೂ ನೋಡಿದಿರಾ ಅಂತ ಕೇಳಿ. ಅದೇ ಸಾಧನವನ್ನು ಮತ್ತೆ ಕೂರಿಸುತ್ತಾರಾ ಹೊಸದನ್ನು ಹಾಕುತ್ತಾರಾ, ಅದನ್ನೂ ಕೇಳಿ.

ಇನ್ನೊಂದು ಪ್ರಶ್ನೆಯನ್ನು ನಾವೇ ಎತ್ತಬೇಕಾಗುತ್ತದೆ. ಒಳಕಿವಿಯ ಶಕ್ತಿ ಈ ಸಾಧನದ ಮಿತಿಯ ಹತ್ತಿರ ಬಂದಿದೆಯಾ? ಮೂಳೆ ಇಲ್ಲದ ಕಿವಿಗೆ ಸೌಂಡ್‌ಬ್ರಿಜ್ ಹಾಕಲು ಬೋನ್ ಕಂಡಕ್ಷನ್ ಮಿತಿ 500 ಹರ್ಟ್ಜ್‌ನಲ್ಲಿ 45 ಡೆಸಿಬಲ್, 2000 ಹರ್ಟ್ಜ್‌ನಲ್ಲಿ 65. ನಿಮ್ಮ ಗೆರೆ ಆ ಅಂಚಿನಲ್ಲೇ ಇದ್ದು ವರ್ಷ ವರ್ಷಕ್ಕೂ ಇಳಿಯುತ್ತಿದ್ದರೆ, ಜೋಡಣೆ ಸರಿ ಮಾಡಲು ಮತ್ತೆ ಕಿವಿ ತೆರೆಯುವ ಬದಲು ಒಳಕಿವಿಯ ನರಕ್ಕೇ ನೇರವಾಗಿ ಕರೆಂಟಿನ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್ ಕಡೆ ಹೋಗುವುದು ಲೇಸಾಗಬಹುದು. ಮಧ್ಯಕಿವಿ ಇಂಪ್ಲಾಂಟ್ ಇತ್ತು ಅನ್ನೋ ಕಾರಣಕ್ಕೆ ಆ ದಾರಿ ಮುಚ್ಚುವುದಿಲ್ಲ. ಹಳೆಯದನ್ನು ತೆಗೆದು ಕಾಕ್ಲಿಯರ್ ಹಾಕಿಸಿಕೊಂಡವರಿದ್ದಾರೆ. ಇದನ್ನು ತೀರ್ಮಾನಿಸುವಾಗ ಗದ್ದಲದಲ್ಲಿನ ಪದ ಪರೀಕ್ಷೆಯ ನಾಲ್ಕೈದು ವರ್ಷದ ಅಂಕಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಸರ್ಜನ್ ಮತ್ತು ಆಡಿಯಾಲಜಿಸ್ಟ್ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ. ಇಬ್ಬರಲ್ಲಿ ಒಬ್ಬರು ಮಾತ್ರ ಸಿಕ್ಕರೆ ತೀರ್ಮಾನವನ್ನು ಮುಂದಿನ ಭೇಟಿಗೆ ಹಾಕಿ.